ಶ್ವಾನ ಪ್ರದರ್ಶನ: ನಾಯಿ ಚೆನ್ನಾಗಿದ್ದರೆ ಸಾಲದು, ಕಾಗದವೂ ಬೇಕು

ಹಿಂದೂಪುರ, ಕಲ್ಯಾಣದುರ್ಗದ ಕಡೆಯವರು ಮುಧೋಳ ನಾಯಿ ಸಾಕಿ ಪ್ರದರ್ಶನಕ್ಕೆ ಒಯ್ಯಬೇಕೆಂದರೆ ಹತ್ತಿರದ ದೊಡ್ಡ ಊರು ಬೆಂಗಳೂರು. ಹಿಂದೂಪುರದಿಂದ ಸುಮಾರು 100 ಕಿ.ಮೀ. ಆದರೆ ಹೊರಡುವ ಮುನ್ನ ತಿಳಿಯಬೇಕಾದ ಸಂಗತಿಗಳಿವೆ.

ಪ್ರದರ್ಶನವೆಂದರೆ ಓಟದ ಪಂದ್ಯವಲ್ಲ. ಒಂದೇ ತಳಿಯ ನಾಯಿಗಳನ್ನು ವಯಸ್ಸು, ಗಂಡು, ಹೆಣ್ಣು ಎಂದು ವಿಂಗಡಿಸಿ ರಿಂಗ್‌ನಲ್ಲಿ ನಡೆಸುತ್ತಾರೆ. ತೀರ್ಪುಗಾರರು ಹಲ್ಲು, ಎದೆ, ಕಾಲು, ನಡಿಗೆಯನ್ನು ತಳಿಯ ಲಿಖಿತ ಲಕ್ಷಣಗಳೊಂದಿಗೆ ಹೋಲಿಸುತ್ತಾರೆ. ತಳಿಯಲ್ಲಿ ಗೆದ್ದ ನಾಯಿ ಗುಂಪಿನ ಸ್ಪರ್ಧೆಗೆ, ಅಲ್ಲಿ ಗೆದ್ದದ್ದು 'ಬೆಸ್ಟ್ ಇನ್ ಶೋ' ಸ್ಪರ್ಧೆಗೆ ಹೋಗುತ್ತದೆ.

ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಮಾತ್ರ ಈ ತಳಿಯ ಹೆಸರು 'ಕ್ಯಾರವಾನ್ ಹೌಂಡ್'. ಅರ್ಜಿ ತುಂಬುವವರು ಇದನ್ನು ನೆನಪಿಡಬೇಕು.

ಎಷ್ಟೇ ಅಂದದ ನಾಯಿಯಾದರೂ ನೋಂದಣಿ ಇಲ್ಲದಿದ್ದರೆ ಚಾಂಪಿಯನ್ ಪಟ್ಟಕ್ಕೆ ದಾರಿಯಿಲ್ಲ. ಆದ್ದರಿಂದ ಮರಿ ಕೊಳ್ಳುವಾಗಲೇ ತಂದೆ ತಾಯಿಯ ನೋಂದಣಿ ಪತ್ರ ಕೇಳಬೇಕು. ಪತ್ರದಲ್ಲಿರುವ ಮೈಕ್ರೋಚಿಪ್ ಸಂಖ್ಯೆ ನಾಯಿಯ ಚಿಪ್‌ಗೆ ಹೊಂದುತ್ತದೆಯೇ ನೋಡಬೇಕು. 'ಕಾಗದ ಆಮೇಲೆ ಕಳಿಸುತ್ತೇನೆ' ಎಂಬ ಮಾತು ನಂಬಿ ಪೂರ್ತಿ ಹಣ ಕೊಡಬಾರದು. ರೇಬೀಸ್ ಲಸಿಕೆಯ ಚೀಟಿಯೂ ಜೊತೆಗಿರಲಿ.

ಇನ್ನೊಂದು ಮಾತು. ಬೇಟೆ ನಾಯಿಯೆಂದು ಮೊಲದ ಹಿಂದೆ ಬಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದರ ಮೈಕಟ್ಟಿಗೆ ಬೆಲೆ ಸಿಗುವ ಜಾಗ ರಿಂಗ್, ಕಾಡಲ್ಲ.