ಆಮ್ಲಜನಕ ಕೊರತೆಯ ಲ್ಯಾಕ್ಟಿಕ್ ಆಮ್ಲತೆ: ಔಷಧೋಪಚಾರದ ಇತಿಹಾಸ

ಜೀವಕೋಶಗಳಿಗೆ ಆಮ್ಲಜನಕ ಸಿಗದಾಗ, ಅಥವಾ ಸಿಕ್ಕರೂ ಬಳಸಿಕೊಳ್ಳಲು ಆಗದಾಗ, ಗ್ಲೂಕೋಸ್ ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಆಗುತ್ತದೆ. ಅದು ರಕ್ತದಲ್ಲಿ ಸೇರುತ್ತ ಆಮ್ಲತೆ ಏರುವ ಸ್ಥಿತಿಯೇ ಆಮ್ಲಜನಕ ಕೊರತೆಯ ಲ್ಯಾಕ್ಟಿಕ್ ಆಮ್ಲತೆ. ತೀವ್ರ ರಕ್ತಸ್ರಾವ, ಹೃದಯಾಘಾತ, ನಂಜು, ಸಯನೈಡ್ ವಿಷ ಇವೆಲ್ಲ ಇದಕ್ಕೆ ಕಾರಣವಾಗುತ್ತವೆ.

ಲ್ಯಾಕ್ಟಿಕ್ ಆಮ್ಲತೆ ಮನುಷ್ಯರಿಗಷ್ಟೇ ಅಲ್ಲ, ಕುರಿಗಳಿಗೂ ಬರುತ್ತದೆ. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಸೇರಿದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಶೇಂಗಾ, ಕುರಿ, ಕಂಬಳಿಗಳ ಸೀಮೆ. ಇಂಥ ಸೀಮೆಯ ಕುರಿ ಹಿಂಡಿಗೆ ಲ್ಯಾಕ್ಟಿಕ್ ಆಮ್ಲತೆ ಎರಡು ದಾರಿಯಲ್ಲಿ ಬರಬಲ್ಲದು. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆಯನ್ನೋ ರಾಶಿಯ ಕಾಳನ್ನೋ ಕುರಿ ಅತಿಯಾಗಿ ಮುಕ್ಕಿದರೆ ಅದರ ಮೊದಲ ಹೊಟ್ಟೆಯಲ್ಲೇ ಆಮ್ಲ ಹುಟ್ಟುತ್ತದೆ. ಇದಕ್ಕೆ ಆಮ್ಲಜನಕದ ಕೊರತೆ ಕಾರಣವಲ್ಲ. ಬೇಗ ಗೊತ್ತಾದರೆ ಅಡುಗೆ ಸೋಡದ ನೀರು ಕುಡಿಸಿದರೂ ಗುಣ ಕಾಣಬಹುದು. ಇನ್ನೊಂದು ದಾರಿ ಎಳೆ ಜೋಳದ್ದು. ಬರಕ್ಕೆ ಬಾಡಿ ಗಿಡ್ಡವಾದ ಪೈರಿನಲ್ಲೂ ಮಳೆ ಬಿದ್ದ ಮೇಲೆ ಚಿಗುರಿದ ಕೂಳೆಯಲ್ಲೂ ಧುರಿನ್ ಎಂಬ ವಸ್ತು ಹೆಚ್ಚಿರುತ್ತದೆ. ಡನ್‌ಸ್ಟನ್ ಮತ್ತು ಹೆನ್ರಿ 1902ರಲ್ಲಿ ಜೋಳದಿಂದ ಬೇರ್ಪಡಿಸಿದ ಈ ಧುರಿನ್ ಹೊಟ್ಟೆಯಲ್ಲಿ ಒಡೆದು ಸಯನೈಡ್ ಬಿಡುತ್ತದೆ. ಆಗ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶ ಅದನ್ನು ಮುಟ್ಟಲಾರದು. ಅಭಿಧಮನಿಯ ರಕ್ತವೂ ಹೊಳೆಯುವ ಕೆಂಪಾಗಿಯೇ ಕಾಣುವುದು ಅದಕ್ಕೇ.

ಈ ಎರಡನೆಯ ಬಗೆಗೆ ಸೋಡ ಸಾಲದೆಂಬುದು ವೈದ್ಯಲೋಕಕ್ಕೆ ತಿಳಿಯಲು ಬಹಳ ಕಾಲ ಹಿಡಿಯಿತು. ಹುಳಿ ಹಾಲಿನಿಂದ ಶೀಲೆ ಲ್ಯಾಕ್ಟಿಕ್ ಆಮ್ಲ ತೆಗೆದದ್ದು 1780ರಲ್ಲಿ. ಹೆರಿಗೆಯ ನಂಜಿನಿಂದ ಸತ್ತ ಹೆಂಗಸರ ರಕ್ತದಲ್ಲಿ ಶೆರರ್ ಅದನ್ನು ಕಂಡದ್ದು 1843ರಲ್ಲಿ. ಆಮ್ಲಜನಕ ಕಡಿಮೆಯಾದರೆ ಅದು ಹೆಚ್ಚುತ್ತದೆಂದು 1891ರಲ್ಲಿ ಅರಾಕಿ ಪ್ರಾಣಿಗಳಲ್ಲಿ ತೋರಿಸಿದ. ಹಕಬಿ 1961ರಲ್ಲಿ ಇದನ್ನು ರೋಗಸ್ಥಿತಿಯಾಗಿ ವಿವರಿಸಿದ. ಕೋಹೆನ್ ಮತ್ತು ವುಡ್ಸ್ 1976ರಲ್ಲಿ ಆಮ್ಲಜನಕ ಕೊರತೆಯ ಬಗೆಯನ್ನು 'ಎ', ಉಳಿದವನ್ನು 'ಬಿ' ಎಂದು ವಿಂಗಡಿಸಿದರು.

ಆಮ್ಲವಿದ್ದರೆ ಕ್ಷಾರ ಕೊಡು ಎಂಬ ಸರಳ ತರ್ಕದಲ್ಲಿ ಅಡುಗೆ ಸೋಡ, ಅಂದರೆ ಸೋಡಿಯಂ ಬೈಕಾರ್ಬನೇಟ್, ದಶಕಗಳ ಕಾಲ ರೋಗಿಗಳ ರಕ್ತನಾಳಕ್ಕೆ ಹರಿಯಿತು. 1985ರಲ್ಲಿ ಗ್ರಾಫ್, ಲೀಚ್, ಏರಿಯೆಫ್ ಆಮ್ಲಜನಕ ಕೊರತೆಗೆ ಗುರಿಮಾಡಿದ ನಾಯಿಗಳಲ್ಲಿ ಅದು ಹಾನಿಯನ್ನೇ ಮಾಡಿತೆಂದು ವರದಿ ಮಾಡಿದಾಗ ಆ ನಂಬಿಕೆ ಅಲುಗಿತು. ಸೋಡ ಆಮ್ಲದೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ; ರಕ್ತಸಂಚಾರ ಕುಂಟುತ್ತಿದ್ದರೆ ಅದು ಜೀವಕೋಶದೊಳಕ್ಕೇ ನುಗ್ಗುತ್ತದೆ. ಫ್ರಾನ್ಸಿನ 26 ತೀವ್ರ ನಿಗಾ ಘಟಕಗಳ 389 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಮೂತ್ರಪಿಂಡ ಬಲವಾಗಿ ಕೆಟ್ಟವರಲ್ಲಿ ಮಾತ್ರ ಉಪಯೋಗ ಕಂಡಿತು.

ಡೈಕ್ಲೋರೋಅಸಿಟೇಟ್‌ನದು ಇನ್ನೂ ಪಾಠ ಕಲಿಸುವ ಕಥೆ. ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸಿ ಲ್ಯಾಕ್ಟೇಟನ್ನು ಉರಿಸಿಬಿಡುವ ಮದ್ದು ಅದು. ಸ್ಟ್ಯಾಕ್‌ಪೂಲ್ ತಂಡ 252 ರೋಗಿಗಳ ಮೇಲೆ ನಡೆಸಿದ ಪ್ರಯೋಗ 1992ರಲ್ಲಿ ಹೊರಬಂತು: ಲ್ಯಾಕ್ಟೇಟ್ ಇಳಿಯಿತು, ಸಾವು ಇಳಿಯಲಿಲ್ಲ. ಹೊಗೆ ಆರಿಸಿ ಬೆಂಕಿ ಬಿಟ್ಟಂತಾಗಿತ್ತು.

ಬೆಂಕಿಗೇ ಕೈಹಾಕಿದ ಮದ್ದುಗಳು ಸಯನೈಡ್‌ನ ವಿಷಯದಲ್ಲೇ ಸಿಕ್ಕವು. ಥಯೋಸಲ್ಫೇಟ್ ವಿಷವನ್ನು ತಡೆಯುತ್ತದೆಂದು ಲಾಂಗ್ 1895ರಲ್ಲಿ ಕಂಡಿದ್ದ. 1933ರಲ್ಲಿ ಅಮೆರಿಕದಲ್ಲಿ ಕೆ.ಕೆ. ಚೆನ್ ಮತ್ತು ಸಂಗಡಿಗರು ಅದರೊಡನೆ ಸೋಡಿಯಂ ನೈಟ್ರೈಟ್ ಜೋಡಿಸಿದರು. ಅರ್ಜೆಂಟೀನದ ಹುಗ್ ಕೂಡ ಅದೇ ಕಾಲಕ್ಕೆ ಈ ಜೋಡಿಯನ್ನು ತಲುಪಿದ್ದ. ನೈಟ್ರೈಟ್ ಹಿಮೋಗ್ಲೋಬಿನ್ನಿನ ಒಂದು ಪಾಲನ್ನು ಮೆಥೆಮೊಗ್ಲೋಬಿನ್ ಮಾಡಿ ಸಯನೈಡನ್ನು ಕಿತ್ತು ಹಿಡಿಯುತ್ತದೆ. ಥಯೋಸಲ್ಫೇಟ್ ಅದನ್ನು ಹೆಚ್ಚು ನಿರುಪದ್ರವಿಯಾದ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮನುಷ್ಯರಿಗೆ ಈಚೆಗೆ ಹೈಡ್ರಾಕ್ಸೋಕೋಬಾಲಮಿನ್ ಮೇಲೆನಿಸಿದೆ. ಅಮೆರಿಕ ಅದಕ್ಕೆ 2006ರಲ್ಲಿ ಒಪ್ಪಿಗೆ ಕೊಟ್ಟಿತು.

ಕುರಿ, ದನಗಳಿಗೆ ಮಾತ್ರ ಹಳೆಯ ಜೋಡಿಯೇ ಇಂದಿಗೂ ಗತಿ. ಅದರಲ್ಲಿನ ಥಯೋಸಲ್ಫೇಟ್ ಬೇರೆ ಏನೂ ಅಲ್ಲ, ಹಳೆಯ ಫೋಟೋ ಸ್ಟುಡಿಯೋಗಳ ಕತ್ತಲೆಕೋಣೆಯ 'ಹೈಪೋ'. ಎಳೆ ಜೋಳ ಮೇದ ಕುರಿ ನಿಮಿಷಗಳಲ್ಲೇ ಕುಸಿಯಬಹುದಾದ್ದರಿಂದ ಪಶುವೈದ್ಯರು ಬಂದು ಸೂಜಿ ಹಾಕುವಷ್ಟು ಹೊತ್ತು ಉಳಿದಿರುವುದು ಅಪರೂಪ. ಹಾಗಾಗಿ ಬಾಡಿದ ಜೋಳದ ಹೊಲಕ್ಕೆ ಹಿಂಡು ಬಿಡದಿರುವುದು, ಪೈರು ಹೂ ಬಿಟ್ಟ ಮೇಲಷ್ಟೇ ಮೇವಿಗೆ ಕೊಯ್ಯುವುದು ಮುಖ್ಯ.