ಆ್ಯನ್ ಆರ್ಬರ್‌ನ ಒಂದು ನಳಿಕೆಯ ಇತಿಹಾಸ



ಮೂತ್ರದ ವಿಷಯವನ್ನು ಸಭೆಯಲ್ಲಿ ಎತ್ತುವುದು ನಮ್ಮ ಸಂಪ್ರದಾಯವಲ್ಲ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿ ತಂಗುವ ಹಿರಿಯರು ಮಂಡಿನೋವನ್ನು ಹೇಳಿಕೊಳ್ಳುತ್ತಾರೆ, ಸಕ್ಕರೆ ಕಾಯಿಲೆಯನ್ನು ಹೇಳಿಕೊಳ್ಳುತ್ತಾರೆ. ಇದೊಂದನ್ನು ಮಾತ್ರ ಹೇಳುವುದಿಲ್ಲ. ದೇವಸ್ಥಾನಕ್ಕೆ ಹೊರಡುವ ದಿನ ನೀರು ಕುಡಿಯುವುದನ್ನೇ ಬಿಟ್ಟು ಸುಮ್ಮನಿರುತ್ತಾರೆ. ಆದರೂ ನೇಪರ್‌ವಿಲ್‌ನ ಈ ಸಭೆಗೆ ಅದೇ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ಬೆನ್ನುಹುರಿಯ ಗಾಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಹಳೆಯ ಮಧುಮೇಹ ಮುಂತಾದುವುಗಳಿಂದ ನರಗಳು ಕೆಟ್ಟು, ಅವುಗಳೊಡನೆ ಮೂತ್ರಕೋಶವೂ ಕೆಟ್ಟಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಜಗತ್ತೇ ಒಪ್ಪಿಕೊಂಡ ಒಂದು ಉತ್ತರ ಹುಟ್ಟಿದ್ದು ಇಲ್ಲಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ಹಾದಿಯಲ್ಲಿ, ಡೆಟ್ರಾಯಿಟ್‌ನ ನೆರೆಯ ಆ್ಯನ್ ಆರ್ಬರ್‌ನಲ್ಲಿ.

ಮೂತ್ರಕೋಶವು ಬರಿಯ ಚೀಲವಲ್ಲ. ಅದು ತುಂಬುವಾಗ ಗೋಡೆಯ ಸ್ನಾಯು ಸಡಿಲವಾಗಿಯೂ ಬಾಗಿಲಿನ ಸ್ನಾಯು ಬಿಗಿಯಾಗಿಯೂ ಇರಬೇಕು. ಖಾಲಿಯಾಗುವಾಗ ಇದು ತಿರುಗುಮುರುಗಾಗಬೇಕು. ಈ ಹೊಂದಾಣಿಕೆಯನ್ನು ನಡೆಸುವುದು ಮಿದುಳಿನ ಕಾಂಡ; ಅದರ ಆಜ್ಞೆ ಬೆನ್ನುಹುರಿಯ ಕೊನೆಯ ಭಾಗದವರೆಗೆ ಇಳಿದುಬರಬೇಕು. ನಡುವೆ ದಾರಿ ಕಡಿದರೆ ಗೋಡೆಯೂ ಬಾಗಿಲೂ ಒಟ್ಟಿಗೇ ಬಿಗಿದುಕೊಂಡು, ಒಳಗಿನ ಒತ್ತಡವು ಮೂತ್ರಪಿಂಡಗಳತ್ತ ಹಿಂದಕ್ಕೆ ಏರುತ್ತದೆ. ಕೆಳಗಿನ ನರಗಳೇ ಸತ್ತರೆ ಗೋಡೆ ಜೋಲುಬಿದ್ದು ಮೂತ್ರ ಒಳಗೇ ನಿಲ್ಲುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಕ್ಕೆಂದೇ ಒಂದು ಅಧ್ಯಾಯವಿದ್ದು, ಕಟ್ಟಿಕೊಂಡ ಮೂತ್ರದ ಬಗೆಗಳನ್ನು ಅಲ್ಲಿ ಹೆಸರಿಸಿ ವಿವರಿಸಿದೆ.

ಒಂದನೆಯ ಮಹಾಯುದ್ಧದ ಕಾಲಕ್ಕೆ ಬೆನ್ನುಹುರಿ ಒಡೆದ ಸೈನಿಕನೆಂದರೆ ಸತ್ತವನೆಂದೇ ಲೆಕ್ಕ. ನೂರಕ್ಕೆ 80 ಮಂದಿ ಮೊದಲ ಕೆಲವು ವಾರಗಳಲ್ಲೇ ಹಾಸಿಗೆಹುಣ್ಣು ಮತ್ತು ಮೂತ್ರನಳಿಕೆಯ ಸೋಂಕಿನಿಂದ ತೀರಿಕೊಂಡರೆಂದು ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಬರೆದಿಟ್ಟಿದ್ದಾರೆ. ಅವರನ್ನು ಕೊಂದದ್ದು ಗುಂಡಲ್ಲ, ಮೂತ್ರ ಎಂದರೂ ಸಲ್ಲುತ್ತದೆ. 1939ರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯೆಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗವನ್ನು ವಹಿಸಿಕೊಂಡರು. (ಪ್ಯಾರಾಲಿಂಪಿಕ್ಸ್ ಕ್ರೀಡೆಗಳ ಬೀಜ ಬಿತ್ತಿದವರೂ ಇವರೇ.) ನಳಿಕೆಯನ್ನು ಒಳಗೇ ಬಿಟ್ಟಿರದೆ, ದಿನಕ್ಕೆ ಹಲವು ಬಾರಿ ತೂರಿಸಿ, ಮೂತ್ರವನ್ನು ಬಸಿದು ತೆಗೆದುಬಿಡುವುದು ಅವರ ಕ್ರಮ. ಆದರೆ ಅದಕ್ಕೆ ಕೈಗವಸು, ಮುಖವಸ್ತ್ರ, ಪೂರ್ಣ ನಿರ್ಜಂತು ಸಾಮಗ್ರಿ, ತರಬೇತಾದ ಕೈ ಎಲ್ಲವೂ ಬೇಕು. ಮನೆಗೆ ಹೋದ ಮೇಲೆ ಇಷ್ಟನ್ನು ದಿನಕ್ಕೆ ಐದಾರು ಬಾರಿ ಯಾರು ಮಾಡಿಯಾರು? ಆದ್ದರಿಂದ ಬಹುಮಂದಿಗೆ ಉಳಿದಿದ್ದುದು ಎರಡೇ ದಾರಿ: ಸದಾ ಒಳಗಿರುವ ನಳಿಕೆ, ಇಲ್ಲವೇ 1950ರಲ್ಲಿ ಯೂಜೀನ್ ಬ್ರಿಕರ್ ಪ್ರಚಾರಕ್ಕೆ ತಂದ, ಕರುಳಿನ ತುಂಡಿನ ಮೂಲಕ ಮೂತ್ರವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸುವ ಶಸ್ತ್ರಕ್ರಿಯೆ.

ಮಿಷಿಗನ್ ವಿಶ್ವವಿದ್ಯಾಲಯದ ಜಾಕ್ ಲಪೀಡಿಸ್ ಕೇಳಿದ ಪ್ರಶ್ನೆಯೇ ಬೇರೆ. ಸೋಂಕು ಬರುವುದು ಹೊರಗಿನ ಜಂತು ಒಳಹೊಕ್ಕುದರಿಂದಲೋ, ಅಥವಾ ಒಳಗಿನ ರಕ್ಷಣೆ ಕುಸಿದುದರಿಂದಲೋ? ಮೂತ್ರಕೋಶ ಮಿತಿಮೀರಿ ಉಬ್ಬಿದಾಗ ಅದರ ಗೋಡೆಯ ರಕ್ತನಾಳಗಳು ಅದುಮಿಹೋಗುತ್ತವೆ. ರಕ್ತ ಸಾಲದ ಗೋಡೆ ಸೋಂಕನ್ನು ತಡೆಯಲಾರದು. ಹೊತ್ತುಹೊತ್ತಿಗೆ ಖಾಲಿ ಮಾಡಿದರೆ ಅಕಸ್ಮಾತ್ ಹೊಕ್ಕ ನಾಲ್ಕು ಜಂತುಗಳನ್ನು ಶರೀರವೇ ಎದುರಿಸುತ್ತದೆ: ಇದು ಅವರ ವಾದ. ಹಾಗಿದ್ದರೆ ನಿರ್ಜಂತು ವಿಧಿಗಿಂತ ಹೊತ್ತಿನ ನಿಯಮವೇ ದೊಡ್ಡದು. ಸೋಪು ಹಚ್ಚಿ ಕೈ ತೊಳೆದುಕೊಂಡು, ತೊಳೆದ ನಳಿಕೆಯನ್ನು ರೋಗಿ ತಾನೇ ಹಾಕಿಕೊಂಡರೆ ಸಾಕು. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ, ಮಡಿ ಬೇಡ, ಶುಚಿ ಸಾಕು. ಮಡಿಗೂ ಶುಚಿಗೂ ಇರುವ ಅಂತರವನ್ನು ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಕಂಡವರಿಗೆ, ಆ ಮಾತು ಶಸ್ತ್ರವೈದ್ಯರ ಕಿವಿಗೆ ಎಷ್ಟು ಕಟುವಾಗಿ ಕೇಳಿಸಿರಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

1972ರಲ್ಲಿ ಜರ್ನಲ್ ಆಫ್ ಯೂರಾಲಜಿಯಲ್ಲಿ ಈ ವಿಧಾನದ ಪ್ರಬಂಧ ಹೊರಬಂದಿತು. ಲಪೀಡಿಸರೊಡನೆ ಅದಕ್ಕೆ ಹೆಸರಿತ್ತವರು ಫಿಲಿಪೀನ್ಸ್‌ನಿಂದ ಬಂದಿದ್ದ ಅನನಿಯಾಸ್ ಡಿಯೋಕ್ನೋ, ಶೆರ್ಮನ್ ಸಿಲ್ಬರ್ ಮತ್ತು ದಾದಿ ಬೆಟ್ ಲೋವ್. ರೋಗಿಗಳ ಪಕ್ಕದಲ್ಲಿ ಕುಳಿತು, ಸಂಕೋಚವನ್ನು ಬಿಡಿಸಿ ಕೈಗೆ ಅಭ್ಯಾಸ ಹಿಡಿಸುವುದು ದಾದಿಯರ ಕೆಲಸ. ಆ ಹೆಸರು ಪ್ರಬಂಧದಲ್ಲಿ ಸೇರಿದ್ದು ನಮಗೆ ಬಹಳ ಸಮಂಜಸವೆನಿಸುತ್ತದೆ. ವೃತ್ತಿಬಾಂಧವರಲ್ಲಿ ಅನೇಕರು ಇದನ್ನು ಅನುಮಾನದಿಂದಲೇ ನೋಡಿದರು. ಅನುಮಾನಕ್ಕೆ ಆಧಾರವಿಲ್ಲದಿರಲಿಲ್ಲ: ಚಿಕಿತ್ಸೆ ಪಡೆದ ಗುಂಪನ್ನು ಮತ್ತೊಂದು ಗುಂಪಿನೊಡನೆ ಹೋಲಿಸಿ ನೋಡಿದ ಪ್ರಯೋಗ ಅದಾಗಿರಲಿಲ್ಲ. ಆದರೆ ಈ ತಂಡ ತನ್ನ ರೋಗಿಗಳನ್ನು ಕೈಬಿಡಲಿಲ್ಲ. 1976ರಲ್ಲಿ ಮತ್ತೊಂದು ವರದಿ, 1983ರಲ್ಲಿ ಹತ್ತು ವರ್ಷಗಳ ಹಿಂದೆ ಆರಂಭಿಸಿದವರು ಏನಾದರೆಂಬ ವರದಿ ಪ್ರಕಟವಾದುವು. ಹತ್ತು ವರ್ಷ ಬೆನ್ನುಬಿಡದೆ ವಿಚಾರಿಸಿದ ಆ ತಾಳ್ಮೆಯೇ ಅವರ ಪ್ರಬಲ ಪುರಾವೆಯೆಂದು ನಮ್ಮ ಭಾವನೆ. ಬೆನ್ನೆಲುಬು ಕೂಡದೆ ಹುಟ್ಟಿದ ಮಕ್ಕಳು ಇದರಿಂದಾಗಿ ಚೀಲವಿಲ್ಲದೆ ಶಾಲೆಗೆ ಹೋಗುವಂತಾಯಿತು.

ಅಂಥ ಮಕ್ಕಳಲ್ಲೇ 42 ಮಂದಿಯನ್ನು ಪರೀಕ್ಷಿಸಿ, ಮೂತ್ರಕೋಶದ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟವನ್ನು ದಾಟಿದ ಮೇಲಷ್ಟೇ ಸೋರುವವರಿಗೆ ಮೂತ್ರಪಿಂಡದ ಅಪಾಯ ಹೆಚ್ಚೆಂದು 1981ರಲ್ಲಿ ಎಡ್ವರ್ಡ್ ಮೆಕ್‌ಗೈರ್ ಮತ್ತು ಸಂಗಡಿಗರು ತೋರಿಸಿದರು. ಆ ಮೆಕ್‌ಗೈರರೂ ಮುಂದೆ ಆ್ಯನ್ ಆರ್ಬರ್‌ಗೇ ಬಂದರು. ಹೊರಗೆ ಸೋರುವುದು ಅವಮಾನ. ಸೋರದೆ ಒಳಗೆ ಒತ್ತಡ ಏರುವುದು ಅಪಾಯ. ಇವೆರಡನ್ನು ಅಳತೆಯಿಂದ ಬೇರ್ಪಡಿಸಿದುದು ಅವರ ಕೊಡುಗೆ. 2011ರಲ್ಲಿ ಅಮೆರಿಕದ ಔಷಧ ಇಲಾಖೆ ಇಂಥ ರೋಗಿಗಳಿಗೆ ಬೊಟಾಕ್ಸ್ ಚುಚ್ಚುಮದ್ದನ್ನು ಒಪ್ಪಿತು. ಅದು ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ, ಆದರೆ ಚುಚ್ಚಿಸಿಕೊಂಡವರಲ್ಲಿ ಅನೇಕರು ಖಾಲಿ ಮಾಡಲು ಮತ್ತೆ ನಳಿಕೆಯನ್ನೇ ಹಿಡಿಯಬೇಕಾಗುತ್ತದೆ.

ನಳಿಕೆಯ ಲೆಕ್ಕದ ಕಥೆಯೊಂದಿದೆ. ತೊಳೆದು ಮತ್ತೆ ಬಳಸಬಹುದೆಂಬ ಲಪೀಡಿಸರ ಮಾತನ್ನು ಹಿಡಿದು ಮೆಡಿಕೇರ್ ಬಹುಕಾಲ ತಿಂಗಳಿಗೆ ಸಾಮಾನ್ಯವಾಗಿ ನಾಲ್ಕೇ ನಳಿಕೆಗಳಿಗೆ ಹಣ ಕೊಡುತ್ತಿತ್ತು. 2008ರಲ್ಲಿ ಅದನ್ನು 200ರವರೆಗೆ ಏರಿಸಲಾಯಿತು: ಪ್ರತಿ ಬಾರಿಗೂ ಹೊಸದು. ಹೊಸದರಿಂದ ಸೋಂಕು ಕಡಿಮೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೂ, ಕೆಲಸದ ಜಾಗದ ಶೌಚಾಲಯದಲ್ಲಿ ನಳಿಕೆ ತೊಳೆಯಲು ಹೆಣಗುವವರ ದೃಷ್ಟಿಯಿಂದ ಅದು ನ್ಯಾಯವಾದ ತೀರ್ಮಾನವೆಂದೇ ನಾವು ತಿಳಿಯುತ್ತೇವೆ. ಭಾರತದಲ್ಲಿ ಕೊಂಡು ತರುವ ಬಹುಪಾಲು ಕುಟುಂಬಗಳು ಈಗಲೂ ತೊಳೆದೇ ಬಳಸುತ್ತವೆ. ಎಷ್ಟು ಬಾರಿ, ಹೇಗೆ ಎಂಬುದನ್ನು ವೈದ್ಯರಿಂದಲೂ ದಾದಿಯರಿಂದಲೂ ಕಲಿತೇ ಆರಂಭಿಸಬೇಕು.

ಡಿಯೋಕ್ನೋ 1980ರ ದಶಕದಲ್ಲಿ ಆ್ಯನ್ ಆರ್ಬರ್ ಇರುವ ವಾಷ್ಟೆನಾ ಕೌಂಟಿಯಲ್ಲಿ 60 ದಾಟಿದ, ತಮ್ಮ ಮನೆಗಳಲ್ಲೇ ಬಾಳುತ್ತಿದ್ದ 1,955 ಹಿರಿಯರನ್ನು ಸಂಗಡಿಗರೊಡನೆ ಸಮೀಕ್ಷಿಸಿದರು. ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 38, ಪುರುಷರಲ್ಲಿ ಸುಮಾರು 19 ಮಂದಿಗೆ ಮೂತ್ರ ಸೋರುವ ತೊಂದರೆಯಿತ್ತು. ಆ ಹಿರಿಯರೆಲ್ಲ ನರರೋಗಿಗಳೇನಲ್ಲ. ನೆರೆಹೊರೆಯ ಸಾಮಾನ್ಯ ಜನ. ಊರಿನ ಬಂಧುಗಳಿಗಾಗಿ ಒಂದು ಮಾತು: ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗದಲ್ಲಿ ಈ ಒತ್ತಡದ ಪರೀಕ್ಷೆ ನಡೆಯುತ್ತದೆ. ಬೆನ್ನುಹುರಿ ರೋಗಿಗಳ ಮೂತ್ರಕೋಶವನ್ನು ಅಳೆದು, ಕಾಲಾಂತರದಲ್ಲಿ ಮತ್ತೆ ಅಳೆದು ನೋಡಿದ ಅಧ್ಯಯನವನ್ನು ಅನುಪಮ್ ಗುಪ್ತ, ಅರುಣ್ ತಾಲಿ ಮತ್ತು ಸಂಗಡಿಗರು 2009ರಲ್ಲಿ ಅಲ್ಲಿಂದಲೇ ಪ್ರಕಟಿಸಿದರು. ಲಪೀಡಿಸರು ಅದನ್ನು ನೋಡಲಿಲ್ಲ. ಅವರು 1995ರಲ್ಲಿ ತೀರಿಕೊಂಡಿದ್ದರು.