ಅರಗು, ಡುಕೋ ಮತ್ತು ಕಾಕಾ ಅವರ ಕಾರು

ಸುರೇಬಾನದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿರುವ ತಿಳಿನೀಲಿ ಅಂಬಾಸಡರ್ ಕಾರನ್ನು ನನ್ನ ಬಳಗದವರೆಲ್ಲರೂ ಬಲ್ಲರು. ಶಬರಿಕೊಳ್ಳಕ್ಕೆಂದು ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಹೋದ ವಿದ್ಯಾರ್ಥಿಗಳೂ ಅದನ್ನು ಕಂಡಿದ್ದೀರಿ. ಹೋದ ವರ್ಷ ಅದಕ್ಕೆ ನಾನೇ ಕೈಯಾರೆ ಬಣ್ಣ ತೇಪೆ ಹಾಕಿದೆನೆಂಬ ಸುದ್ದಿ ಹೇಗೋ ಹಬ್ಬಿ, “ಸರ್, ಇಡೀ ಕಾರಿಗೇ ಹೊಸ ಬಣ್ಣ ಹೊಡೆಸಬಾರದಿತ್ತೇ? ಬಾಗಿಲಲ್ಲಿ ಎರಡು ನೀಲಿ ಏಕೆ?” ಎಂದು ಹಲವರು ಕೇಳಿದ್ದಾರೆ. ಉತ್ತರ ತುಸು ಉದ್ದವಾದದ್ದು. ಇತಿಹಾಸ ಬೋಧಿಸಿದವನಿಗೆ ಯಾವುದನ್ನೂ ಮೂಲದಿಂದ ಹೇಳದೆ ಸಮಾಧಾನವಿಲ್ಲ, ಸಹಿಸಿಕೊಳ್ಳಿರಿ.

ಆ ಕಾರು ನನ್ನ ಕಾಕಾ ಅವರದು. ಅವರು ಹತ್ತಿಯ ವ್ಯಾಪಾರಿ. 1968ರಲ್ಲಿ ಅದು ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಹಣ ಕಟ್ಟಿಯೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲ ಅದು. ಕಾರಿನ ಮೈಮೇಲೆ ಈಗ ಮೂರು ಕಾಲದ ಬಣ್ಣಗಳಿವೆ. ಎಲ್ಲಕ್ಕೂ ಕೆಳಗೆ ಉತ್ತರಪಾರಾದ ಕಾರ್ಖಾನೆಯ ಬಣ್ಣ. ಅದರ ಮೇಲೆ 1982ರಲ್ಲಿ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಹೊಡೆಸಿದ ಡುಕೋ. ಎಡಗಡೆಯ ಹಿಂಬಾಗಿಲಿನ ಮೇಲೆ ಮಾತ್ರ, ಒಂದು ಗೇಣು ಅಗಲಕ್ಕೆ, ಕುಂಚದ ಗೆರೆಗಳು ಎದ್ದು ಕಾಣುವ ಮೂರನೆಯ ನೀಲಿ. ಅದು ಕಾಕಾ ಅವರ ಸ್ವಹಸ್ತದ್ದು. 1986ರ ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಜನಜಂಗುಳಿಯಲ್ಲಿ ಚಕ್ಕಡಿಯೊಂದರ ಅಚ್ಚು ಬಾಗಿಲನ್ನು ಗೀರಿತ್ತು. ಊರಿಗೆ ಬಂದ ಮರುದಿನವೇ ಅವರು ಕಾರಹುಣ್ಣಿಮೆಗೆಂದು ತಂದು ಉಳಿದಿದ್ದ ಬಣ್ಣದ ಡಬ್ಬಿಯನ್ನು ತೆರೆದರು. ಎತ್ತಿನ ಕೋಡಿಗೆ ಹಚ್ಚಿ ಮಿಕ್ಕಿದ್ದ ಆಯಿಲ್ ಪೇಂಟ್ ಅದು. ಅದನ್ನೇ ಕುಂಚದಿಂದ ಬಳಿದುಬಿಟ್ಟರು. ನಾವು ಹುಡುಗರು ಮುಸಿಮುಸಿ ನಕ್ಕೆವು.

ಡುಕೋ ಎಂಬುದು ಇಂದಿಗೂ ನಮ್ಮ ಬಡಿಗರ ಬಾಯಲ್ಲಿರುವ ಶಬ್ದ. ಅದು ಒಂದು ಬಣ್ಣದ ಜಾತಿಯೆಂದೇ ನಾನೂ ತಿಳಿದಿದ್ದೆ. ವಾಸ್ತವವಾಗಿ ಅದು ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ಹೊರತಂದ ಬಣ್ಣಕ್ಕಿಟ್ಟ ಹೆಸರು. ಅದಕ್ಕೂ ಮೊದಲು ಕಾರುಗಳಿಗೆ ಕುದುರೆಗಾಡಿಗಳಿಗೆ ಬಳಿಯುವಂತೆಯೇ ಅಗಸೆಎಣ್ಣೆಯ ಬಣ್ಣ ಮತ್ತು ವಾರ್ನಿಸನ್ನು ಕುಂಚದಿಂದ ಬಳಿಯುತ್ತಿದ್ದರು. ಒಂದು ಪದರ ಒಣಗಬೇಕು, ಉಜ್ಜಬೇಕು, ಮತ್ತೊಂದು ಬಳಿಯಬೇಕು. ಒಂದು ಕಾರಿಗೆ ವಾರಗಳೇ ಹಿಡಿಯುತ್ತಿದ್ದವು. ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ತನ್ನ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿದ ಕಥೆ ನಿಮಗೆ ಗೊತ್ತು. ಆ ಕಪ್ಪು ಡಾಂಬರಿನ ಜಾತಿಯ ವಸ್ತುವಿನಿಂದ ಮಾಡಿದ ಅಗ್ಗದ, ಗಟ್ಟಿಯಾದ ಬಣ್ಣ.

ಡುಕೋ ಬಂದದ್ದು ಯುದ್ಧದ ಬೆನ್ನಿಗೆ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ಅದು ಸಿಡಿಹತ್ತಿಯಾಗುತ್ತದೆ; ಹೊಗೆಯಿಲ್ಲದ ಸಿಡಿಮದ್ದು ಅದರಿಂದಲೇ ಆಗುವುದು. ಮೊದಲ ಮಹಾಯುದ್ಧದಲ್ಲಿ ಡುಪಾಂಟ್ ಇದನ್ನು ರಾಶಿಗಟ್ಟಲೆ ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಆ ಕಾರ್ಖಾನೆಗಳಿಗೆ ಬೇರೆ ಕೆಲಸ ಬೇಕಾಯಿತು. ಆ ಜಾತಿಯ ಹತ್ತಿಯನ್ನೇ ತೆಳುವಾಗುವಂತೆ ಸಂಸ್ಕರಿಸಿ, ದ್ರಾವಕದಲ್ಲಿ ಕರಗಿಸಿ, ಬಣ್ಣದ ಪುಡಿ ಬೆರೆಸಿದಾಗ ಗಂಟೆಗಳಲ್ಲಿ ಒಣಗುವ ಬಣ್ಣ ದೊರೆಯಿತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಅದನ್ನು ಮೊದಲು ತೊಟ್ಟವು. ಅವುಗಳ ಬಣ್ಣವೂ ನೀಲಿಯೇ. ಹತ್ತಿಯ ವ್ಯಾಪಾರಿಯ ಕಾರು ಹತ್ತಿಯಿಂದಲೇ ಆದ ಬಣ್ಣ ಹೊದ್ದುಕೊಂಡಿದೆಯೆಂಬುದು ಕಾಕಾ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಪೇಟೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು.

ಇಷ್ಟು ಬೇಗ ಒಣಗುವುದನ್ನು ಕುಂಚದಿಂದ ಬಳಿಯಲಾಗದು, ತುಂತುರಾಗಿ ಎರಚಬೇಕು. ಆ ಪಿಚಕಾರಿಯ ಮೂಲ ಆಸ್ಪತ್ರೆಯಲ್ಲಿದೆ. ಅಮೆರಿಕದ ಟೊಲೆಡೊ ಊರಿನ ಡಾಕ್ಟರ್ ಡಿವಿಲ್‌ಬಿಸ್ ಎಂಬುವರು ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು 1880ರ ದಶಕದಲ್ಲಿ ಒಂದು ಉಪಕರಣ ಮಾಡಿದರು. ಅವರ ಮಗ ಅದೇ ಯುಕ್ತಿಯಿಂದ ಬಣ್ಣದ ಗನ್ ಮಾಡಿದ. ಇಂದಿಗೂ ಗ್ಯಾರೇಜುಗಳಲ್ಲಿ ಬಣ್ಣ ಹೊಡೆಯುವುದು ಆ ತತ್ತ್ವದಿಂದಲೇ.

ಇಂತಹ ಬಣ್ಣಕ್ಕೆ ಲ್ಯಾಕರ್ ಎನ್ನುತ್ತಾರೆ. ಶಬ್ದದ ಬೇರು ನಮ್ಮದೇ: ಸಂಸ್ಕೃತದ ಲಾಕ್ಷಾ, ಕನ್ನಡದ ಅರಗು. ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಮನೆ ಅದರದೇ. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅದರದೇ. ಕಾಡಿನಲ್ಲಿ ದೊರೆಯುತ್ತಿದ್ದ ಅರಗನ್ನು ನೆಚ್ಚಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ 1962ರ ಮಹಾಚುನಾವಣೆಯಿಂದ ಬರುತ್ತಿರುವುದು ಅಲ್ಲಿಂದಲೇ. ಚುನಾವಣಾ ಕರ್ತವ್ಯಕ್ಕೆ ಹೋದ ಶಿಕ್ಷಕರೆಲ್ಲರೂ ಆ ಬಾಟಲಿಯನ್ನು ಬಲ್ಲರು. ಆದರೆ ಕಾರಿನ ಲ್ಯಾಕರಿನಲ್ಲಿ ಅರಗು ಇಲ್ಲ, ಹೆಸರು ಮಾತ್ರ ಉಳಿದಿದೆ. ಇರಲಿ.

ಮನೆಯಲ್ಲಿ ತೇಪೆ ಹಾಕುವವನು ತಿಳಿದಿರಲೇಬೇಕಾದ ಸಂಗತಿ ಒಂದೇ. ಡುಕೋ ಒಣಗುವುದೆಂದರೆ ಅದರಲ್ಲಿನ ಥಿನ್ನರ್ ಹಾರಿಹೋಗುವುದು, ಅಷ್ಟೇ. ಮೇಲೆ ಮತ್ತೆ ಥಿನ್ನರ್ ಬಿದ್ದರೆ ಹಳೆಯ ಪದರವೂ ಕರಗಿ ಹೊಸದರೊಡನೆ ಬೆಸೆದುಕೊಳ್ಳುತ್ತದೆ. ಆಯಿಲ್ ಪೇಂಟ್ ಹಾಗಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಒಳಗಿನಿಂದಲೇ ಬದಲಾಗಿ ಗಟ್ಟಿಯಾಗುತ್ತದೆ. ಒಂದು ಬೆಲ್ಲ, ಇನ್ನೊಂದು ಮೊಸರು. ಬೆಲ್ಲವನ್ನು ಎಷ್ಟು ಸಲವಾದರೂ ಕರಗಿಸಬಹುದು, ಹೆಪ್ಪುಗಟ್ಟಿದ ಮೊಸರು ಮತ್ತೆ ಹಾಲಾಗದು. ಡುಕೋ ಮೇಲೆ ಆಯಿಲ್ ಪೇಂಟ್ ನಿಲ್ಲುತ್ತದೆ. ಆಯಿಲ್ ಪೇಂಟಿನ ಮೇಲೆ ಡುಕೋ ಹೊಡೆದರೆ ಅದರ ಕಟುವಾದ ಥಿನ್ನರು ಕೆಳಗಿನ ಪದರವನ್ನು ಉಬ್ಬಿಸಿ ಸುಕ್ಕುಗಟ್ಟಿಸುತ್ತದೆ.

ಇದನ್ನು ನಾನು ಕಲಿತದ್ದು ಕೆಡಿಸಿದ ಮೇಲೆ. ಕಾಕಾ 1999ರಲ್ಲಿ ತೀರಿಕೊಂಡರು. ಅವರ ಮಕ್ಕಳು ಕಾರನ್ನು ಗುಜರಿಗೆ ಹಾಕುವ ಮಾತೆತ್ತಿದಾಗ ನಾನು ಇಟ್ಟುಕೊಂಡೆ. ನಿವೃತ್ತನಾದ ಮೇಲೆ ಕೈಗೆ ಕೆಲಸ ಬೇಕಲ್ಲ! ಹಿಂಬಾಗಿಲಿನ ಕೆಳ ಅಂಚಿಗೆ ಜಂಗು ಹತ್ತಿತ್ತು. ಬಾಡಿಗೆಗೆ ಕಂಪ್ರೆಸರ್ ತಂದು, ಅಂಗಡಿಯಿಂದ ಡುಕೋ ತಂದು, ಸಾಬೂನಿನಿಂದ ತೊಳೆದು, ಕಾಕಾ ಅವರ ತೇಪೆಯೂ ಸೇರಿ ಬಾಗಿಲಿಗೆಲ್ಲ ಗನ್ ಹಿಡಿದೆ. ಐದೇ ನಿಮಿಷ. ತೇಪೆಯ ಕೆಳಗಿನ ಅರ್ಧ ಭಾಗ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದು ನಿಂತಿತು. ಮುಟ್ಟಿದರೆ ಕೈಗೇ ಬಂದಿತು. ಎತ್ತಿನ ಕೋಡಿನ ಬಣ್ಣ ಸುಮಾರು ನಾಲ್ಕು ದಶಕ ಬಿಸಿಲು ಮಳೆಯಲ್ಲಿ ಬಾಳಿತ್ತು, ಬಿ.ಎಡ್. ಮಾಡಿದವನ ಕೈಯಲ್ಲಿ ಐದು ನಿಮಿಷ ಬಾಳಲಿಲ್ಲ. ಏನೂ ತಿಳಿಯದೆ ಕಾಕಾ ಸರಿಯಾದ ಕ್ರಮದಲ್ಲೇ ಬಳಿದಿದ್ದರು.

ರಾಮದುರ್ಗದ ಹಿರಿಯ ಪೇಂಟರೊಬ್ಬರನ್ನು ಕರೆತಂದೆ. ಅವರು ಬಾಗಿಲನ್ನು ನೋಡಿ, “ಸರ, ಕೆಳಗ ಏನೈತಿ ಅಂತ ಕೇಳದ ಮ್ಯಾಲ ಹೊಡದ್ರ ಹಿಂಗ ಆಗತೈತ್ರಿ” ಎಂದರು. ಬಿಳಿಯ ಬಟ್ಟೆಗೆ ಥಿನ್ನರ್ ಹನಿಸಿ ಡಿಕ್ಕಿಯ ಒಳ ಅಂಚಿನಲ್ಲಿ ಉಜ್ಜಿದರು: ಬಟ್ಟೆ ನೀಲಿಯಾಯಿತು, ಡುಕೋ. ತೇಪೆಯ ಮೇಲೆ ಉಜ್ಜಿದರು: ಬಟ್ಟೆಗೆ ಬಣ್ಣ ಬರಲಿಲ್ಲ, ಬಣ್ಣವೇ ಮುದುಡಿತು. ಇತಿಹಾಸದ ಆಕರಗಳನ್ನು ಪರೀಕ್ಷಿಸುವ ಪಾಠವನ್ನು ಮೂವತ್ತು ವರ್ಷ ಹೇಳಿದ ನನಗೆ ಈ ಪರೀಕ್ಷೆ ಹೊಳೆದಿರಲಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಸುಕ್ಕಾದದ್ದನ್ನೂ ಜಂಗನ್ನೂ ಬರಿಯ ತಗಡು ಕಾಣುವವರೆಗೆ ತೆಗೆದೆವು. ಒಣ ಉಜ್ಜಾಟ ಬೇಡ, ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಆ ಧೂಳು ಶ್ವಾಸಕ್ಕೆ ಹೋಗಬಾರದು. ಮನೆಗೆ ಬಳಿಯುವ ಬಣ್ಣಗಳಿಗೆ ನಮ್ಮ ದೇಶದಲ್ಲಿ ಸೀಸದ ಕಟ್ಟುನಿಟ್ಟಿನ ಮಿತಿ ಜಾರಿಯಾದದ್ದೇ 2017ರಲ್ಲಿ. ಆಮೇಲೆ ಪ್ರೈಮರ್, ತೆಳ್ಳಗೆ ಪುಟ್ಟಿ, ಮತ್ತೆ 400, 600ರ ಪೇಪರು. ನೀಲಿಯನ್ನು ಹೊಂದಿಸುವ ಮೊದಲು ಹಳೆಯ ಡುಕೋವನ್ನು ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿ ಮಾಸಲು ತೆಗೆದು ಅದರ ನಿಜ ಬಣ್ಣ ನೋಡಬೇಕು. ತಗಡಿನ ತುಂಡಿನ ಮೇಲೆ ಹೊಡೆದು, ಒಣಗಿಸಿ, ಹಗಲು ಬೆಳಕಿನಲ್ಲಿ ಹೋಲಿಸಬೇಕು. ಶ್ರಾವಣದ ಜಡಿಮಳೆಯಲ್ಲಿ ಹೊಡೆಯಲೇಬಾರದು: ಥಿನ್ನರು ಸರ್ರನೆ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಗಟ್ಟಿಕಾರಕ ಬೆರೆಸುವ ಇಂದಿನ ಬಣ್ಣಗಳನ್ನು ಮನೆಯಂಗಳದಲ್ಲಿ ಹೊಡೆಯುವ ಸಾಹಸ ಯಾರೂ ಮಾಡಬೇಡಿರಿ. ಅವುಗಳ ಐಸೊಸಯನೇಟ್ ಎಂಬ ವಿಷಕ್ಕೆ ಮೂಗಿಗೆ ಕಟ್ಟಿದ ಬಟ್ಟೆ ಸಾಲದು.

ಇಡೀ ಕಾರಿಗೆ ಏಕೆ ಹೊಡೆಸಲಿಲ್ಲವೆಂಬ ಪ್ರಶ್ನೆ ಉಳಿಯಿತು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ಮೀರಿ ಮೂಲರೂಪದಲ್ಲಿರುವ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಆದರೆ ನನ್ನ ಕಾರಣ ಅದಲ್ಲ.

ಕಾಕಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು. ಅವರು ಯಾವಾಗಲೂ ಕೂರುತ್ತಿದ್ದುದು ಎಡಗಡೆ ಹಿಂದೆ. ಬಾಗಿಲು ಕೆಟ್ಟ ವಾರ ಅವರನ್ನು ಶೆಡ್ಡಿಗೆ ಕರೆತಂದಿದ್ದೆ. ಬಾಗಿಲ ಮೇಲೆ ಕೈಯಾಡಿಸುತ್ತ ಬಂದವರು ನಿಂತರು. “ಇಲ್ಲಿ ನಿಮ್ಮ ಕಾಕಾನ ಗೆರಿ ಇದ್ದುವಲ್ಲೋ, ಎಲ್ಲಿ ಹೋದುವು?” ಎಂದರು. ನನಗೆ ಮಾತು ಹೊರಡಲಿಲ್ಲ. ಕಾಕಾ ಅವರ ಕೈಬರಹದ ಒಂದು ಕಾಗದವೂ ಮನೆಯಲ್ಲಿ ಉಳಿದಿಲ್ಲ.

ತೇಪೆಯ ಮೇಲಿನ ಭಾಗ, ಹಿಡಿಕೆಯ ಕೆಳಗೆ ಅಂಗೈಯಷ್ಟು, ಸುಕ್ಕಾಗದೆ ಉಳಿದಿತ್ತು. ಪೇಂಟರು ಅದನ್ನೂ ಕೆರೆಯಲು ಪೇಪರ್ ಎತ್ತಿಕೊಂಡಾಗ ತಡೆದೆ. ಅದರ ಮೇಲೆ ಕಾಗದ ಮುಚ್ಚಿ, ಸುತ್ತ ಟೇಪ್ ಅಂಟಿಸಿ, ಮಿಕ್ಕ ಬಾಗಿಲಿಗೆ ತೆಳ್ಳಗೆ ನಾಲ್ಕು ಸಲ ಡುಕೋ ಹೊಡೆದೆವು. ಟೇಪ್ ಕಿತ್ತಾಗ ಅಂಚು ಕತ್ತರಿಸಿದಂತೆ ಎದ್ದು ಕಂಡಿತು. “ಚಂದ ಕಾಣಂಗಿಲ್ರಿ ಸರ” ಎಂದರು ಪೇಂಟರು. ನಿಜ, ಚಂದ ಕಾಣುವುದಿಲ್ಲ. ಮರುದಿನ ಕಾಕಿಯನ್ನು ಮತ್ತೆ ಕರೆತಂದೆ. ಅವರ ಬೆರಳು ಹಿಡಿಕೆಯನ್ನು ಹುಡುಕಿ, ಅಲ್ಲಿಂದ ಕೆಳಗಿಳಿದು, ಕುಂಚದ ಗೆರೆಗಳ ಮೇಲೆ ನಿಂತಿತು. “ಬಾಗಲಾ ತಗಿ, ಕೂಡತೀನಿ” ಎಂದರು.